ಒಂದು ಲ್ಯಾಪ್‌ಟಾಪ್, ಎರಡು ಸಂಸಾರ: ಡ್ಯುಯಲ್ ಬೂಟ್ ಮತ್ತು ವರ್ಚುವಲ್ ಮಷಿನ್‌ಗಳ ಇತಿಹಾಸ

ವಿಜಯಪುರದಿಂದ ಮಾತಾಡ್ತಾ ಇದ್ದೀನಿ. ಈ ಪಾಡ್‌ಕಾಸ್ಟ್‌ನಲ್ಲಿ ಸಾಮಾನ್ಯವಾಗಿ ಗೋಳಗುಮ್ಮಟ, ಆದಿಲ್‌ಶಾಹಿ ಕಾಲದ ನೀರಿನ ಸುರಂಗ, ನಮ್ಮ ಸುತ್ತಲಿನ ಊರುಗಳ ಹಳೆ ಸಂತೆ, ಇಂಥವುಗಳ ಇತಿಹಾಸ ಇರ್ತದೆ. ಇವತ್ತಿನ ಇತಿಹಾಸ ನಿಮ್ಮ ಮನೆಯ ಕಪಾಟಿನಲ್ಲಿ ಧೂಳು ತಿಂತಾ ಇರೋ ಹಳೆ ಲ್ಯಾಪ್‌ಟಾಪಿನದು.

ಕಾರಣ ಇಷ್ಟೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡ್ತಿದ್ದ ಮಾಮೂಲು ಸಪೋರ್ಟ್ ನಿಲ್ಲಿಸಿತು. ವಿಂಡೋಸ್ 11 ಹಾಕ್ಕೊಳ್ಳೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಅನ್ನೋ ಚಿಪ್ ಬೇಕು, ಪ್ರೊಸೆಸರ್ ಹೊಸದಿರಬೇಕು. ನಮ್ಮ ಕಡೆ ಹುಡುಗರ ಹತ್ತಿರ ಇರೋದು ಸೆಕೆಂಡ್‌ಹ್ಯಾಂಡ್ ಮಷಿನ್. ಹಿಂಗಾಗಿ ಕಾಲೇಜ್ ಹುಡುಗರು ಒಂದೇ ಪ್ರಶ್ನೆ ಕೇಳ್ತಾರೆ: "ಅಣ್ಣಾ, ಲಿನಕ್ಸ್ ಹಾಕ್ಬೇಕಂತೀನಿ. ಆದ್ರ ವಿಂಡೋಸ್ ಬಿಡಾಕ ಆಗೂದಿಲ್ಲ. ಡ್ಯುಯಲ್ ಬೂಟ್ ಮಾಡ್ಲೋ, ವರ್ಚುವಲ್ ಮಷಿನ್ ಹಾಕ್ಲೋ?"

ಎರಡು ಮಾತಿನಲ್ಲಿ ಉತ್ತರ ಹೇಳಬಹುದು. ಆದರೆ ಈ ಎರಡು ದಾರಿಗಳು ಹುಟ್ಟಿದ್ದು ಯಾಕೆ ಅಂತ ಗೊತ್ತಾದ್ರೆ, ಯಾವುದು ಎಲ್ಲಿ ಕೈ ಕೊಡ್ತದೆ ಅನ್ನೋದೂ ಗೊತ್ತಾಗ್ತದೆ. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ನಾನು ಕಳೆದುಕೊಂಡದ್ದನ್ನ ಮೊದಲು ಹೇಳ್ತೀನಿ.

ಆ ರಾತ್ರಿ

ಬಿ.ಕಾಂ ಮುಗಿಸಿ ಎರಡು ವರ್ಷ ಆಗಿತ್ತು. ತಿಕೋಟಾದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡೋ ಒಬ್ಬ ಕಾಕಾ ಅವರ ಲೆಕ್ಕ ನಾನೇ ಬರೀತಿದ್ದೆ. ಟ್ಯಾಲಿಯಲ್ಲಿ ಎಂಟ್ರಿ, ತಿಂಗಳಿಗೊಮ್ಮೆ ಜಿಎಸ್‌ಟಿ. ಗಾಂಧಿ ಚೌಕದ ಹತ್ತಿರ ಕೊಂಡ ಹಳೆ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅದೇ ಲ್ಯಾಪ್‌ಟಾಪಿನ ಡಿ ಡ್ರೈವ್‌ನಲ್ಲಿ ಕಾಕಾ ಅವರ ಎರಡು ವರ್ಷದ ಲೆಕ್ಕ ಇತ್ತು. ಜೊತೆಗೆ ಬಬಲೇಶ್ವರದ ನಮ್ಮ ಅಜ್ಜನ ಏಳು ರೆಕಾರ್ಡಿಂಗ್ ಇದ್ದವು. ಡೋಣಿ ಹೊಳೆ ಉಕ್ಕಿದ ವರ್ಷ, 1972ರ ಬರ, ಜೋಳ ತುಂಬಿಡೋ ಹಗೇವು, ಹಿಂಗೆ ಅಜ್ಜ ಕಟ್ಟೆ ಮೇಲೆ ಕೂತು ಹೇಳಿದ್ದನ್ನ ಫೋನಿನಲ್ಲಿ ಹಿಡಿದಿದ್ದೆ. ಫೋನಿನ ಮೆಮೊರಿ ತುಂಬಿತು ಅಂತ ಲ್ಯಾಪ್‌ಟಾಪಿಗೆ ಹಾಕಿ, ಫೋನಿನಿಂದ ಅಳಿಸಿದ್ದೆ.

ಪಾಡ್‌ಕಾಸ್ಟ್ ಶುರು ಮಾಡಬೇಕು ಅಂತ ಆಸೆ. ಅರ್ಧ ಗಂಟೆಯ ಆಡಿಯೋ ತೆರೆದರೆ ವಿಂಡೋಸ್‌ನಲ್ಲಿ ಫ್ಯಾನ್ ಕೂಗ್ತಿತ್ತು. ಲಿನಕ್ಸ್ ಹಗುರ ಅಂತ ಗೆಳೆಯ ಹೇಳಿದ. ಟ್ಯಾಲಿಗೆ ವಿಂಡೋಸ್ ಇರಲಿ, ಆಡಿಯೋಗೆ ಲಿನಕ್ಸ್ ಇರಲಿ, ಡ್ಯುಯಲ್ ಬೂಟ್ ಮಾಡಿಬಿಡೋಣ ಅಂತ ಒಂದು ರಾತ್ರಿ ಹನ್ನೊಂದಕ್ಕೆ ಕೂತೆ. ಪೆನ್‌ಡ್ರೈವ್ ಹಾಕಿದೆ. ಎಲ್ಲರೂ ಹೇಳೋ "ವಿಂಡೋಸ್ ಪಕ್ಕದಲ್ಲಿ ಹಾಕು" ಅನ್ನೋ ಆಯ್ಕೆ ನನ್ನ ಸ್ಕ್ರೀನ್‌ನಲ್ಲಿ ಬರಲೇ ಇಲ್ಲ. ಡಿಸ್ಕ್‌ನಲ್ಲಿ ಆಗಲೇ ನಾಲ್ಕು ಪಾರ್ಟಿಶನ್ ಇದ್ದವು, ಐದನೆಯದಕ್ಕೆ ಜಾಗ ಇಲ್ಲ. ಒಂದನ್ನ ತೆಗೀಬೇಕು. ಲಿನಕ್ಸ್‌ನಲ್ಲಿ ಸಿ ಡ್ರೈವ್, ಡಿ ಡ್ರೈವ್ ಅಂತ ಹೆಸರು ಇರೋದಿಲ್ಲ, ಎಸ್‌ಡಿಎ 1, 2, 3, 4 ಅಂತ ಇರ್ತದೆ. ಕೊನೆಯದು ರಿಕವರಿ, ಅದು ಹೋದರೂ ನಡೀತದೆ ಅಂತ ಯಾರೋ ಹೇಳಿದ ನೆನಪು. ಗಾತ್ರ ನೋಡಲಿಲ್ಲ. ನಾಲ್ಕನೆಯದನ್ನ ಅಳಿಸಿದೆ. ಅದು ಡಿ ಡ್ರೈವ್ ಆಗಿತ್ತು.

ಮುಂದೇನಾಯ್ತು ಅನ್ನೋದಕ್ಕೆ ಆಮೇಲೆ ಬರ್ತೀನಿ. ಈಗ ಇತಿಹಾಸ.

ಮೊದಲು ಬಂದದ್ದು ಯಾವುದು?

ಬಹಳ ಜನ ಡ್ಯುಯಲ್ ಬೂಟ್ ಹಳೇದು, ವರ್ಚುವಲ್ ಮಷಿನ್ ಹೊಸದು ಅಂದುಕೊಂಡಿದ್ದಾರೆ. ನಾನೂ ಹಂಗೇ ಅಂದುಕೊಂಡಿದ್ದೆ. ನಿಜ ತಿರುವು ಮುರುವು.

1964ರಲ್ಲಿ ಐಬಿಎಂ ಕಂಪನಿ ಸಿಸ್ಟಮ್/360 ಅನ್ನೋ ಕಂಪ್ಯೂಟರ್ ಸರಣಿ ತಂತು. ಒಂದೊಂದು ಯಂತ್ರ ಒಂದು ಹಾಲ್‌ನಷ್ಟು ಜಾಗ ಹಿಡೀತಿತ್ತು, ಬೆಲೆ ಲಕ್ಷಾಂತರ ಡಾಲರ್. ಅಂಥ ಯಂತ್ರವನ್ನ ಒಬ್ಬನೇ ಕೂತು ಬಳಸೋದು ಅಂದ್ರೆ, ಇಡೀ ಬಸ್ ಬುಕ್ ಮಾಡಿ ಒಬ್ಬನೇ ಬಬಲೇಶ್ವರಕ್ಕೆ ಹೋದ ಹಾಗೆ. ಅಮೆರಿಕದ ಕೇಂಬ್ರಿಡ್ಜ್ ಊರಿನಲ್ಲಿದ್ದ ಐಬಿಎಂ ಸೈಂಟಿಫಿಕ್ ಸೆಂಟರ್‌ನಲ್ಲಿ ರಾಬರ್ಟ್ ಕ್ರೀಸಿ ಮತ್ತು ಅವರ ತಂಡ ಇದಕ್ಕೆ ಒಂದು ಉಪಾಯ ಮಾಡಿದರು. ಯಂತ್ರ ಒಂದೇ, ಆದರೆ ಪ್ರತಿಯೊಬ್ಬ ಬಳಕೆದಾರನಿಗೂ ತನ್ನ ಮುಂದೆ ಇಡೀ ಯಂತ್ರವೇ ಇದೆ ಅನ್ನಿಸಬೇಕು. ಹಂಗೆ ಮಾಡೋ ತಂತ್ರಾಂಶಕ್ಕೆ ಮೊದಲು ಸಿಪಿ-40, ಆಮೇಲೆ ಸಿಪಿ-67 ಅಂತ ಹೆಸರಿಟ್ಟರು. 1972ರ ಆಗಸ್ಟ್‌ನಲ್ಲಿ ಅದನ್ನೇ ಐಬಿಎಂ ವಿಎಂ/370 ಅಂತ ಗಿರಾಕಿಗಳಿಗೆ ಘೋಷಿಸಿತು. ವಿಎಂ ಅಂದ್ರೆ ವರ್ಚುವಲ್ ಮಷಿನ್. ನಮ್ಮ ಅಜ್ಜ ಬರದ ಕಾಮಗಾರಿಯಲ್ಲಿ ಕಲ್ಲು ಒಡೀತಿದ್ದ ವರ್ಷವೂ ಅದೇ.

ಇದರ ಇನ್ನೊಂದು ಉಪಯೋಗ ನಮ್ಮ ಇವತ್ತಿನ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟದ್ದು. ಕಂಪನಿಗಳಿಗೆ ಹಳೆ ಆಪರೇಟಿಂಗ್ ಸಿಸ್ಟಮ್ ಬಿಟ್ಟು ಹೊಸದಕ್ಕೆ ಹೋಗಬೇಕಿತ್ತು. ಆದರೆ ಪಗಾರದ ಲೆಕ್ಕ ಹಳೆಯದರಲ್ಲಿ ನಡೀತಿದೆ, ಒಂದು ದಿನವೂ ನಿಲ್ಲಿಸೋ ಹಾಗಿಲ್ಲ. ವಿಎಂ/370 ಇದ್ದರೆ ಒಂದು ವರ್ಚುವಲ್ ಮಷಿನ್‌ನಲ್ಲಿ ಹಳೇದು, ಇನ್ನೊಂದರಲ್ಲಿ ಹೊಸದು, ಎರಡೂ ಏಕಕಾಲಕ್ಕೆ. ಇವತ್ತು ನಾವು ಲಿನಕ್ಸ್ ಒಳಗೆ ಟ್ಯಾಲಿಗೋಸ್ಕರ ವಿಂಡೋಸ್ ಓಡಿಸೋದು ಇದೇ ಲೆಕ್ಕ. ಐವತ್ತು ವರ್ಷ ಹಳೆಯದು.

ಭಾರತದಲ್ಲಿ ಆಗ ಏನಾಗ್ತಿತ್ತು? 1973ರ ಫೆರಾ ಕಾನೂನಿನ ಪ್ರಕಾರ ವಿದೇಶಿ ಕಂಪನಿಗಳು ಇಲ್ಲಿಯ ಕಂಪನಿಯಲ್ಲಿ ತಮ್ಮ ಪಾಲನ್ನ ಶೇ. 40ಕ್ಕೆ ಇಳಿಸಬೇಕಿತ್ತು. 1977ರಲ್ಲಿ ಜನತಾ ಸರ್ಕಾರ ಬಂತು, ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾದರು. ಐಬಿಎಂ ಪಾಲು ಇಳಿಸೋಕೆ ಒಪ್ಪಲಿಲ್ಲ, 1978ರಲ್ಲಿ ದೇಶ ಬಿಟ್ಟು ಹೋಯ್ತು. ಹಿಂಗಾಗಿ ನಮ್ಮಲ್ಲಿ ಸಾಮಾನ್ಯ ಜನ ಕಂಪ್ಯೂಟರ್ ನೋಡಿದ್ದು ದೊಡ್ಡ ಯಂತ್ರದ ಕಾಲ ದಾಟಿ, ಪಿಸಿ ಕಾಲ ಬಂದ ಮೇಲೆ. ವರ್ಚುವಲ್ ಮಷಿನ್ ಅನ್ನೋ ಮಾತು ನಮಗೆ ಹೊಸದು ಅನ್ನಿಸೋಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ನಾಲ್ಕು ಖೋಲಿಯ ಮನೆ

1981ರಲ್ಲಿ ಐಬಿಎಂ ಪಿಸಿ ಬಂತು. 1983ರಲ್ಲಿ ಪಿಸಿ ಎಕ್ಸ್‌ಟಿ, ಅದರ ಜೊತೆ 10 ಎಂಬಿ ಹಾರ್ಡ್ ಡಿಸ್ಕ್ ಮತ್ತು ಡಾಸ್ 2.0. ಒಂದು ಡಿಸ್ಕ್‌ನಲ್ಲಿ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್ ಇರಬಹುದು ಅಂತ ಮೊದಲೇ ಯೋಚಿಸಿ, ಡಿಸ್ಕ್‌ನ ಮೊಟ್ಟಮೊದಲ ತುಂಡಿನಲ್ಲಿ ಒಂದು ಪಟ್ಟಿ ಇಟ್ಟರು. ಅದೇ ಮಾಸ್ಟರ್ ಬೂಟ್ ರೆಕಾರ್ಡ್, ಎಂಬಿಆರ್. ಅದರ ಗಾತ್ರ 512 ಬೈಟ್. ಅದರಲ್ಲಿ 446 ಬೈಟ್ ಯಂತ್ರವನ್ನ ಎಬ್ಬಿಸೋ ಪುಟ್ಟ ಪ್ರೋಗ್ರಾಮಿಗೆ. 64 ಬೈಟ್ ಪಾರ್ಟಿಶನ್ ಪಟ್ಟಿಗೆ, ಒಂದೊಂದಕ್ಕೆ 16 ಬೈಟ್. ಉಳಿದ 2 ಬೈಟ್ ಸಹಿ. 64ನ್ನ 16ರಿಂದ ಭಾಗಿಸಿ, ನಾಲ್ಕು ಬರ್ತದೆ. ಅಂದ್ರೆ ನಾಲ್ಕೇ ಖೋಲಿ. 1983ರಲ್ಲಿ 10 ಎಂಬಿ ಡಿಸ್ಕಿಗೆ ನಾಲ್ಕು ಖೋಲಿ ಹೆಚ್ಚೇ ಆಯ್ತು. ಆದರೆ ಆ ರಾತ್ರಿ ನನ್ನ ಸ್ಕ್ರೀನ್‌ನಲ್ಲಿ ಐದನೆಯ ಖೋಲಿ ಸಿಗದೇ ಇದ್ದದ್ದು ಈ 64 ಬೈಟ್‌ನಿಂದಲೇ. ನನಗಿಂತ ವಯಸ್ಸಾದ ಒಂದು ನಿರ್ಧಾರಕ್ಕೆ ನಾನು ಬಡ್ಡಿ ಕಟ್ಟಿದೆ.

ಡ್ಯುಯಲ್ ಬೂಟ್ ಅನ್ನೋದು ಈ ಪಟ್ಟಿಯ ಮೇಲೆ ನಿಂತ ವ್ಯವಸ್ಥೆ. ಒಂದೇ ಮನೆ, ಎರಡು ಸಂಸಾರ, ಆದರೆ ಒಬ್ಬರು ಇದ್ದಾಗ ಇನ್ನೊಬ್ಬರು ಇರೋ ಹಾಗಿಲ್ಲ. ಇದ್ದಷ್ಟು ಹೊತ್ತು ಇಡೀ ಮನೆ ಅವರದೇ. ರ‍್ಯಾಮ್ ಪೂರ್ತಿ, ಪ್ರೊಸೆಸರ್ ಪೂರ್ತಿ. ಬಾಗಿಲಲ್ಲಿ ಕೂತು "ಇವತ್ತು ಯಾರ ಪಾಳಿ?" ಅಂತ ಕೇಳೋನು ಬೂಟ್ ಲೋಡರ್. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದ ಮೇಲೆ ಈ ಬಾಗಿಲ ಕಾವಲಿಗೆ ಲಿಲೋ ಬಂತು. 1995ರಲ್ಲಿ ಎರಿಕ್ ಬೋಲಿನ್ ಗ್ರಬ್ ಶುರು ಮಾಡಿದರು. ಇವತ್ತಿಗೂ ಹೆಚ್ಚಿನವರ ಸ್ಕ್ರೀನ್‌ನಲ್ಲಿ ಕಾಣೋದು ಗ್ರಬ್‌ನ ವಂಶವೇ.

ನನಗೆ ಸಮಾಧಾನ ಕೊಟ್ಟ ಒಂದು ಸಂಗತಿ ಇದೆ. ಸ್ವತಃ ಟೊರ್ವಾಲ್ಡ್ಸ್ ಕೂಡ ಶುರುವಿನಲ್ಲಿ ಒಂದೇ ಡಿಸ್ಕ್‌ನಲ್ಲಿ ಎರಡು ಸಿಸ್ಟಮ್ ಇಟ್ಟುಕೊಂಡಿದ್ದರು. ಒಂದು ಕಡೆ ಮಿನಿಕ್ಸ್, ಇನ್ನೊಂದು ಕಡೆ ಅವರ ಹೊಸ ಲಿನಕ್ಸ್. ಮೋಡೆಮ್‌ಗೆ ಹೋಗಬೇಕಾದ ಡಯಲ್ ಆಜ್ಞೆಯನ್ನ ತಪ್ಪಿ ಹಾರ್ಡ್ ಡಿಸ್ಕ್‌ಗೆ ಕಳಿಸಿ, ತಮ್ಮ ಮಿನಿಕ್ಸ್ ಪಾರ್ಟಿಶನ್‌ನ್ನ ತಾವೇ ಕೆಡಿಸಿಕೊಂಡರು. ಮತ್ತೆ ಮಿನಿಕ್ಸ್ ಹಾಕೋ ಬದಲು ಪೂರ್ತಿ ಲಿನಕ್ಸ್‌ಗೇ ಬಂದರು. ಪಾರ್ಟಿಶನ್ ಕಳ್ಕೊಂಡವರಲ್ಲಿ ನಾನು ಮೊದಲನೆಯವನೇನಲ್ಲ. ಆದರೆ ಅವರು ಕಳ್ಕೊಂಡದ್ದು ಮತ್ತೆ ಸಿಗೋ ಸಾಫ್ಟ್‌ವೇರ್.

ಭಾರತದಲ್ಲಿ ಆಗ ಇಂಟರ್ನೆಟ್‌ನಿಂದ ಲಿನಕ್ಸ್ ಇಳಿಸಿಕೊಳ್ಳೋ ಮಾತೇ ಇರಲಿಲ್ಲ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಸಿಡಿಯಲ್ಲಿ ಲಿನಕ್ಸ್ ಹಂಚಿತು. ಪತ್ರಿಕೆ ಜೊತೆ ಬಂದ ಸಿಡಿ ಹಾಕಿ, ವಿಂಡೋಸ್ ಪಕ್ಕದಲ್ಲಿ ಖೋಲಿ ಮಾಡಿ, ಅರ್ಧ ಸಲ ಕೆಡಿಸಿಕೊಂಡು ಕಲಿತ ಒಂದು ತಲೆಮಾರು ಬೆಂಗಳೂರಿನಲ್ಲಿ, ಪುಣೆಯಲ್ಲಿ ಇದೆ.

ಕಾವಲುಗಾರ ಯಾರ ಮನುಷ್ಯ?

ಕಾಮರ್ಸ್ ಓದಿದವನಾಗಿ ನನಗೆ ಬಹಳ ಹಿಡಿಸಿದ ಪ್ರಕರಣ ಬಿಓಎಸ್‌ನದು. ಆಪಲ್ ಬಿಟ್ಟು ಬಂದ ಜಾನ್ ಲೂಯಿ ಗಾಸೆ ಕಟ್ಟಿದ ಬಿ ಕಂಪನಿಯ ಆಪರೇಟಿಂಗ್ ಸಿಸ್ಟಮ್ ಅದು. 1990ರ ದಶಕದ ಕೊನೆಯಲ್ಲಿ ಹಿಟಾಚಿ ಕಂಪನಿ ತನ್ನ ಕೆಲವು ಪಿಸಿಗಳಲ್ಲಿ ವಿಂಡೋಸ್ ಜೊತೆ ಬಿಓಎಸ್‌ನ್ನೂ ಹಾಕಿ ಮಾರಿತು. ಆದರೆ ಕಂಪ್ಯೂಟರ್ ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳೋ ಮೆನು ಬರ್ತಿರಲಿಲ್ಲ. ಕೊಂಡವರಿಗೆ ಒಳಗೆ ಇನ್ನೊಂದು ಸಿಸ್ಟಮ್ ಇದೆ ಅಂತಲೇ ಕಾಣ್ತಿರಲಿಲ್ಲ. ಪಿಸಿ ತಯಾರಕರ ಜೊತೆ ಮೈಕ್ರೋಸಾಫ್ಟ್ ಮಾಡಿಕೊಂಡ ಲೈಸೆನ್ಸ್ ಒಪ್ಪಂದವೇ ಇದಕ್ಕೆ ಕಾರಣ ಅಂತ ಬಿ ಕಂಪನಿ ದೂರಿತು. 2002ರಲ್ಲಿ ಕೋರ್ಟಿಗೆ ಹೋಯ್ತು. 2003ರಲ್ಲಿ ಮೈಕ್ರೋಸಾಫ್ಟ್ ತಪ್ಪು ಒಪ್ಪಿಕೊಳ್ಳದೇ 2 ಕೋಟಿ 32 ಲಕ್ಷ 50 ಸಾವಿರ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟೊತ್ತಿಗೆ ಬಿ ಕಂಪನಿ ತನ್ನ ತಂತ್ರಜ್ಞಾನವನ್ನ ಪಾಮ್‌ಗೆ ಮಾರಿ ಅಂಗಡಿ ಮುಚ್ಚಿತ್ತು.

ಇದರಿಂದ ತಿಳಿಯೋದು ಒಂದೇ. ಡ್ಯುಯಲ್ ಬೂಟ್‌ನಲ್ಲಿ ಬಾಗಿಲು ಒಂದೇ, ಆ ಬಾಗಿಲು ಯಾರ ಕೈಯಲ್ಲಿದೆಯೋ ಅವರ ಮಾತು ನಡೀತದೆ. 2012ರಲ್ಲಿ ವಿಂಡೋಸ್ 8 ಜೊತೆ ಸೆಕ್ಯೂರ್ ಬೂಟ್ ಬಂತು. ಸಹಿ ಇಲ್ಲದ ಪ್ರೋಗ್ರಾಮ್ ಬಾಗಿಲಲ್ಲೇ ನಿಲ್ಲಬೇಕು. ಒಳ್ಳೇ ಉದ್ದೇಶವೇ, ವೈರಸ್ ಬೂಟ್ ಆಗೋದನ್ನ ತಡೀತದೆ. ಆದರೆ ಲಿನಕ್ಸ್‌ನವರು ಒಳಗೆ ಬರೋಕೆ ಮೈಕ್ರೋಸಾಫ್ಟ್ ಸಹಿ ಹಾಕಿದ ಶಿಮ್ ಅನ್ನೋ ಪುಟ್ಟ ಪ್ರೋಗ್ರಾಮ್ ಇಟ್ಟುಕೊಳ್ಳಬೇಕಾಯ್ತು. 2024ರ ಆಗಸ್ಟ್‌ನಲ್ಲಿ ವಿಂಡೋಸ್‌ನ ಒಂದು ಸೆಕ್ಯುರಿಟಿ ಅಪ್‌ಡೇಟ್ ಬಂತು. ಡ್ಯುಯಲ್ ಬೂಟ್ ಇರೋ ಯಂತ್ರಗಳಿಗೆ ಇದು ಅನ್ವಯ ಆಗೋದಿಲ್ಲ ಅಂತ ಹೇಳಿದ್ದರೂ, ಜಗತ್ತಿನ ತುಂಬ ಎಷ್ಟೋ ಜನರ ಲಿನಕ್ಸ್ ಮರುದಿನ ಏಳಲೇ ಇಲ್ಲ. ಡೇಟಾ ಒಳಗೇ ಇತ್ತು, ಬಾಗಿಲು ಮಾತ್ರ ಹಾಕಿತ್ತು. ಡ್ಯುಯಲ್ ಬೂಟ್ ಮಾಡೋರು ಇದನ್ನ ತಲೆಯಲ್ಲಿ ಇಟ್ಟುಕೊಳ್ಳಲೇಬೇಕು.

ಬೀಗರು ಮನೆಗೆ ಬಂದದ್ದು

ಇತ್ತ ವರ್ಚುವಲ್ ಮಷಿನ್ ಏನಾಯ್ತು? ದೊಡ್ಡ ಯಂತ್ರಗಳಲ್ಲೇ ಉಳೀತು. ಪಿಸಿಗೆ ಬರೋಕೆ ಒಂದು ಗೋಡೆ ಅಡ್ಡ ಇತ್ತು. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಅನ್ನೋ ಇಬ್ಬರು ಒಂದು ನಿಯಮ ಬರೆದಿಟ್ಟಿದ್ದರು. ಒಳಗಿರೋ ಅತಿಥಿ ಸಿಸ್ಟಮ್ ಯಂತ್ರದ ಸೂಕ್ಷ್ಮ ಭಾಗಕ್ಕೆ ಕೈ ಹಾಕಿದ ಪ್ರತಿ ಸಲವೂ ಮನೆ ಯಜಮಾನನಿಗೆ ಸುದ್ದಿ ಮುಟ್ಟಬೇಕು. ಆಗ ಮಾತ್ರ ಮೋಸ ಇಲ್ಲದೇ ವರ್ಚುವಲ್ ಮಷಿನ್ ನಡೀತದೆ. ನಮ್ಮ ಪಿಸಿಗಳ ಇಂಟೆಲ್ ಚಿಪ್‌ನಲ್ಲಿ 17 ಆಜ್ಞೆಗಳು ಈ ನಿಯಮ ಮುರೀತಿದ್ದವು. ಯಜಮಾನನಿಗೆ ಗೊತ್ತಿಲ್ಲದೇ ಕೆಲಸ ಮಾಡಿಬಿಡ್ತಿದ್ದವು.

1998ರಲ್ಲಿ ಡಯೇನ್ ಗ್ರೀನ್, ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಅವರ ಜೊತೆಗಾರರು ವಿಎಂವೇರ್ ಕಂಪನಿ ಶುರು ಮಾಡಿದರು. ಅತಿಥಿಯ ಆಜ್ಞೆಗಳನ್ನ ಓಡಿಸೋ ಮೊದಲು ಓದಿ, ತೊಂದರೆ ಕೊಡೋ ಆಜ್ಞೆ ಇದ್ದಲ್ಲಿ ಬೇರೆ ಆಜ್ಞೆ ಬರೆದು ಕೂಡಿಸೋ ದಾರಿ ಕಂಡುಕೊಂಡರು. 1999ರಲ್ಲಿ ವಿಎಂವೇರ್ ವರ್ಕ್‌ಸ್ಟೇಷನ್ ಮಾರುಕಟ್ಟೆಗೆ ಬಂತು. ಲಿನಕ್ಸ್ ಒಳಗೆ ಒಂದು ಕಿಟಕಿ, ಆ ಕಿಟಕಿಯಲ್ಲಿ ವಿಂಡೋಸ್.

ಆಮೇಲೆ ಚಿಪ್ ಮಾಡೋರೇ ಗೋಡೆ ಒಡೆದರು. 2005ರಲ್ಲಿ ಇಂಟೆಲ್ ವಿಟಿ-ಎಕ್ಸ್ ತಂತು, 2006ರಲ್ಲಿ ಎಎಂಡಿ ತನ್ನದನ್ನ ತಂತು. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಅಂತ ಒಂದು ಸ್ವಿಚ್ ಇರ್ತದಲ್ಲ, ಅದು ಇದೇ. ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಅದು ಆಫ್ ಇರ್ತದೆ, ಆನ್ ಮಾಡದೇ "ವರ್ಚುವಲ್ ಮಷಿನ್ ಬಹಳ ನಿಧಾನ" ಅಂತ ಬೈಯೋರು ಬಹಳ ಜನ. 2007ರಲ್ಲಿ ವರ್ಚುವಲ್‌ಬಾಕ್ಸ್ ಉಚಿತವಾಗಿ ಸಿಕ್ಕಿತು. ಅದೇ ವರ್ಷ ಕೆವಿಎಂ ಅನ್ನೋದು ಲಿನಕ್ಸ್‌ನ ಕರ್ನಲ್ ಒಳಗೇ ಸೇರಿತು.

2006ರಲ್ಲೇ ಅಮೆಜಾನ್ ವರ್ಚುವಲ್ ಮಷಿನ್‌ಗಳನ್ನ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡೋಕೆ ಶುರು ಮಾಡಿತು. ಇವತ್ತು ನಿಮ್ಮ ಫೋನಿನ ಎಷ್ಟೋ ಆ್ಯಪ್‌ಗಳ ಆಚೆ ತುದಿಯಲ್ಲಿ ಇರೋದು ಅಂಥ ಬಾಡಿಗೆ ಯಂತ್ರಗಳೇ. ಒಂದು ಕಾಲಕ್ಕೆ ಬೇರೆ ಸಿಸ್ಟಮ್ ಬೇಡ ಅಂತಿದ್ದ ಮೈಕ್ರೋಸಾಫ್ಟ್ 2019ರಲ್ಲಿ ವಿಂಡೋಸ್ ಒಳಗೇ ನಿಜವಾದ ಲಿನಕ್ಸ್ ಕರ್ನಲ್ ಓಡಿಸೋ ಡಬ್ಲ್ಯುಎಸ್ಎಲ್ 2 ಘೋಷಿಸಿತು. ಅದೂ ಒಂದು ಸಣ್ಣ ವರ್ಚುವಲ್ ಮಷಿನ್. ಆಪಲ್ 2006ರಲ್ಲಿ ಬೂಟ್ ಕ್ಯಾಂಪ್ ಅಂತ ವಿಂಡೋಸ್ ಡ್ಯುಯಲ್ ಬೂಟ್‌ಗೆ ದಾರಿ ಕೊಟ್ಟಿತ್ತು. 2020ರಲ್ಲಿ ತನ್ನ ಸ್ವಂತ ಚಿಪ್ ಬಂದ ಮೇಲೆ ಆ ಯಂತ್ರಗಳಲ್ಲಿ ಅದನ್ನ ಕೈಬಿಟ್ಟಿತು.

ತಾಂತ್ರಿಕ ಭಾಷೆಯಲ್ಲಿ ಹೊರಗಿನ ಸಿಸ್ಟಮ್‌ಗೆ ಹೋಸ್ಟ್, ಒಳಗಿನದಕ್ಕೆ ಗೆಸ್ಟ್ ಅಂತಾರೆ. ನಮ್ಮ ಭಾಷೆಯಲ್ಲಿ ಮನೆಯವರು ಮತ್ತು ಬೀಗರು. ಬೀಗರು ಬಂದಾಗ ಮನೆಯವರು ಎಲ್ಲೂ ಹೋಗೋದಿಲ್ಲ, ಇದ್ದ ರೊಟ್ಟಿಯನ್ನೇ ಹಂಚ್ಕೋಬೇಕು. 4 ಜಿಬಿ ರ‍್ಯಾಮ್ ಇದ್ದ ಮನೆಗೆ ವಿಂಡೋಸ್ ಅಂಥ ಬೀಗರನ್ನ ಕರೆದರೆ ಇಬ್ಬರೂ ಉಪವಾಸ.

ನಮಗೆ ಎರಡು ಯಾಕೆ ಬೇಕು?

ಈ ಪ್ರಶ್ನೆಯನ್ನ ನಾವು ಕೇಳಿಕೊಳ್ಳೋದೇ ಇಲ್ಲ. ನಮ್ಮ ಕಡೆ ವಿಂಡೋಸ್ ಬಿಡೋಕೆ ಆಗದೇ ಇರೋದಕ್ಕೆ ಎರಡು ಹಳೇ ಕಾರಣ ಇವೆ. ಎರಡೂ ಬೆಂಗಳೂರಿನಿಂದ ಬಂದವು.

ಒಂದು ಟ್ಯಾಲಿ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದ ಕಂಪನಿಯದು. ಮೊದಲು ಡಾಸ್‌ನಲ್ಲಿ ಓಡ್ತಿತ್ತು, ಆಮೇಲೆ ವಿಂಡೋಸ್‌ಗೆ ಬಂತು. ಬಿ.ಕಾಂ ಮುಗಿಸಿದವರ ಹೊಟ್ಟೆಪಾಡು ಅದರ ಮೇಲೆ ನಿಂತಿದೆ.

ಎರಡನೆಯದು ನುಡಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ, ಅದಕ್ಕೆ ಆಧಾರ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಇವೆಲ್ಲ ವಿಂಡೋಸ್ ಮೇಲೆ ಬೆಳೆದವು. ಡಿಟಿಪಿ ಅಂಗಡಿಯವರು, ಆಫೀಸಿನವರು, ಲಗ್ನಪತ್ರಿಕೆ ಮಾಡೋರು ಎಲ್ಲರ ಹಳೆ ಫೈಲ್ ನುಡಿಯ ಹಳೆ ಅಕ್ಷರದಲ್ಲಿವೆ. ಅವನ್ನ ಬೇರೆ ಕಡೆ ತೆರೆದರೆ ಅರ್ಥ ಇಲ್ಲದ ಚಿಹ್ನೆ ಕಾಣ್ತವೆ. ಆದರೆ ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡೋದಾದ್ರೆ ವಿಂಡೋಸ್ ಬೇಕೇ ಬೇಕು ಅನ್ನೋದು ಈಗ ನಿಜ ಅಲ್ಲ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಅಂತ ಒಂದು ಕನ್ನಡ ವಿನ್ಯಾಸ ಇದೆ. ಕಗಪ ಅಂದ್ರೆ ಕನ್ನಡ ಗಣಕ ಪರಿಷತ್ತು. ನುಡಿ ಕಲಿತ ಬೆರಳು ಅಲ್ಲಿ ಹಂಗೇ ಓಡ್ತವೆ. ಈ ಸ್ಕ್ರಿಪ್ಟ್ ನಾನು ಬರೆದದ್ದೂ ಅದರಲ್ಲೇ.

ಕನ್ನಡದ ಮಕ್ಕಳು ಎರಡರ ಗೋಜಿಗೇ ಹೋಗದೇ ಕಂಪ್ಯೂಟರ್ ಕಲಿತ ಜಾಗ ಒಂದಿದೆ, ಅದು ಕರ್ನಾಟಕದಲ್ಲಿಲ್ಲ. ಕಾಸರಗೋಡಿನಲ್ಲಿದೆ. ಕೇರಳ ಸರ್ಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರು ಮಾಡಿ, ನಿಧಾನಕ್ಕೆ ಶಾಲೆಗಳನ್ನ ಪೂರ್ತಿ ಸ್ವತಂತ್ರ ತಂತ್ರಾಂಶಕ್ಕೆ ತಂತು. 2017ರಲ್ಲಿ ಅದೇ ಯೋಜನೆ ಕೈಟ್ ಅನ್ನೋ ಸಂಸ್ಥೆ ಆಯ್ತು. ಶಾಲೆಗಳಿಗೆ ತಮ್ಮದೇ ಲಿನಕ್ಸ್ ಆವೃತ್ತಿ ಮಾಡಿ ಕೊಡ್ತಾರೆ. ಐಟಿ ಪಠ್ಯಪುಸ್ತಕ ಮಲಯಾಳಂ, ಇಂಗ್ಲಿಷ್, ತಮಿಳಿನ ಜೊತೆ ಕನ್ನಡದಲ್ಲೂ ಬರ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಹುಡುಗಿ ಹೈಸ್ಕೂಲಿನಲ್ಲೇ ಲಿನಕ್ಸ್ ಬಳಸ್ತಾಳೆ. ನಾನು ಬಿ.ಕಾಂ ಮುಗಿಸಿ, ರಾತ್ರಿ ಹನ್ನೊಂದಕ್ಕೆ, ಒಬ್ಬನೇ ಕೂತು ಕಲಿಯೋಕೆ ಹೋದೆ. ಆ ವ್ಯತ್ಯಾಸದ ಬೆಲೆ ನನ್ನ ಡಿ ಡ್ರೈವ್.

ಹಂಗಾದ್ರೆ ಯಾವುದು?

ನನ್ನ ಲೆಕ್ಕ ಹೇಳ್ತೀನಿ, ನಿಮ್ಮದು ನೀವು ಹಾಕ್ಕೊಳ್ಳಿ.

ರ‍್ಯಾಮ್ 4 ಜಿಬಿ ಇದ್ದರೆ ವರ್ಚುವಲ್ ಮಷಿನ್ ಮರೆತುಬಿಡ್ರಿ. ಡ್ಯುಯಲ್ ಬೂಟ್, ಇಲ್ಲಾ ಬರೀ ಲಿನಕ್ಸ್. 8 ಇದ್ದರೆ ಟ್ಯಾಲಿಯಂಥ ಹಗುರ ಕೆಲಸಕ್ಕೆ ವರ್ಚುವಲ್ ಮಷಿನ್ ಸಾಕು. 16 ಇದ್ದು ಎಸ್ಎಸ್‌ಡಿ ಇದ್ದರೆ ಯೋಚನೆಯೇ ಬೇಡ.

ಗೇಮ್, ವಿಡಿಯೋ ಎಡಿಟಿಂಗ್, ಆಡಿಯೋ ರೆಕಾರ್ಡಿಂಗ್‌ಗೆ ಇಡೀ ಯಂತ್ರ ಬೇಕು. ವರ್ಚುವಲ್ ಮಷಿನ್ ಒಳಗೆ ಮೈಕ್ ಹಾಕಿದರೆ ಧ್ವನಿ ತಡವಾಗಿ ಬರ್ತದೆ, ನಡುನಡುವೆ ಕಡೀತದೆ. ಅಂಥ ಕೆಲಸ ಹೋಸ್ಟ್‌ನಲ್ಲೇ ಮಾಡ್ರಿ. ಸುಮ್ಮನೆ ಲಿನಕ್ಸ್ ಹೆಂಗಿದೆ ನೋಡೋಣ ಅನ್ನೋರು ಮೊದಲು ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಓಡಿಸ್ರಿ, ಡಿಸ್ಕ್ ಮುಟ್ಟೋ ಅಗತ್ಯವೇ ಇಲ್ಲ.

ಡ್ಯುಯಲ್ ಬೂಟ್ ಮಾಡಿದ ಮೇಲೆ ವಿಂಡೋಸ್‌ನ ಗಡಿಯಾರ ಐದೂವರೆ ತಾಸು ಹಿಂದೆ ಹೋದರೆ ಹೆದರಬೇಡ್ರಿ. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಜಾಗತಿಕ ಸಮಯ ಇಡ್ತದೆ, ವಿಂಡೋಸ್ ಅದನ್ನೇ ಇಲ್ಲಿಯ ಸಮಯ ಅಂತ ಓದ್ತದೆ. ನಮ್ಮ ದೇಶಕ್ಕೆ ಆ ವ್ಯತ್ಯಾಸ 5 ತಾಸು 30 ನಿಮಿಷ. ಲಿನಕ್ಸ್‌ನಲ್ಲಿ ಒಂದು ಆಜ್ಞೆ ಕೊಟ್ಟರೆ ಸರಿ ಹೋಗ್ತದೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡ್ರಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮಲಗಿರೋದಿಲ್ಲ, ಲಿನಕ್ಸ್‌ನಿಂದ ಅದರ ಡ್ರೈವ್‌ಗೆ ಬರೆದರೆ ಫೈಲ್ ಕೆಡ್ತವೆ. ಬಿಟ್‌ಲಾಕರ್ ಇದ್ದರೆ ಅದರ ಕೀಲಿ ಸಂಖ್ಯೆಯನ್ನ ಮೊದಲೇ ಹಾಳೆ ಮೇಲೆ ಬರ್ಕೊಳ್ರಿ.

ಇವೆಲ್ಲದಕ್ಕಿಂತ ಮೊದಲು ಬ್ಯಾಕಪ್. ಅದೇ ಲ್ಯಾಪ್‌ಟಾಪಿನ ಇನ್ನೊಂದು ಡ್ರೈವ್‌ನಲ್ಲಿ ಅಲ್ಲ, ಲ್ಯಾಪ್‌ಟಾಪಿನ ಹೊರಗೆ.

ತಿಕೋಟಾ, ಬಬಲೇಶ್ವರ

ಆ ರಾತ್ರಿ ಮೂರಕ್ಕೆ ನನಗೆ ಗೊತ್ತಾಯ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ತಿಕೋಟಾಕ್ಕೆ ಹೋದೆ. ಕಾಕಾ ಶೆಡ್‌ನಲ್ಲಿ ದ್ರಾಕ್ಷಿ ಹರವಿಸ್ತಾ ಇದ್ದರು. ಹೇಳೋಕೆ ಬಾಯಿ ಬರಲಿಲ್ಲ. "ಕಾಕಾ, ನಿಮ್ಮ ಲೆಕ್ಕ ಎಲ್ಲಾ ಹೋತ್ರಿ. ನಂದ ತಪ್ಪು" ಅಂದೆ.

ಕಾಕಾ ಬೈತಾರೆ ಅಂದುಕೊಂಡಿದ್ದೆ. ಬೈದರು ಕೂಡ. ಆಮೇಲೆ ಒಳಗೆ ಹೋಗಿ ಕೆಂಪು ಬಟ್ಟೆಯ ಎರಡು ಕಿರ್ದಿ ಪುಸ್ತಕ ತಂದಿಟ್ಟರು. "ನಿನ್ನ ಕಂಪ್ಯೂಟರ್ ಮ್ಯಾಗ ನನಗ ಯಾವಾಗ ನಂಬಿಕಿ ಇತ್ತೋ ತಮ್ಮಾ? ದಿನಾ ಸಂಜೀಕ ಬರದೀನಿ. ಕುಂದ್ರು, ಬರ್ಕೊ." ಶೆಡ್ಡಿನ ಮೂಲೆಯಲ್ಲಿ ಕೂತು ಹನ್ನೊಂದು ದಿನ ಎರಡು ವರ್ಷದ ಎಂಟ್ರಿ ಮತ್ತೆ ಹಾಕಿದೆ. ಆ ಹನ್ನೊಂದು ದಿನದ ಪಗಾರ ನಾನು ತಗೊಳ್ಳಲಿಲ್ಲ, ಅವರು ಕೊಡಲೂ ಇಲ್ಲ. ಕೊನೆಯ ದಿನ ಒಂದು ಕಿಲೋ ಮಣೂಕ ಚೀಲದಲ್ಲಿ ಹಾಕಿ ಕೊಟ್ಟರು.

ಅಜ್ಜನ ರೆಕಾರ್ಡಿಂಗ್‌ಗೆ ಕಿರ್ದಿ ಇರಲಿಲ್ಲ. ಫೋಟೋರೆಕ್ ಅನ್ನೋ ಉಚಿತ ಪ್ರೋಗ್ರಾಮ್ ಒಂದು ಇಡೀ ದಿನ ಓಡಿಸಿದೆ. ಲಿನಕ್ಸ್ ಹಾಕಿದಾಗ ಹೊಸ ಫೈಲ್‌ಗಳು ಯಾವ ಜಾಗದ ಮೇಲೆ ಬಿದ್ದವೋ ಅಲ್ಲಿಯದು ಹೋಯ್ತು, ಉಳಿದ ಜಾಗದಲ್ಲಿದ್ದದ್ದು ಸಿಕ್ಕಿತು. ಏಳರಲ್ಲಿ ಮೂರು. ಹೆಸರು ಇಲ್ಲ, ಬರೀ ಅಂಕಿ. ಡೋಣಿ ಹೊಳೆಯದು ಸಿಕ್ಕಿತು, ಬರದ್ದು ಅರ್ಧ ಸಿಕ್ಕಿತು. ಹಗೇವಿನದು ಸಿಗಲಿಲ್ಲ. ಬಬಲೇಶ್ವರಕ್ಕೆ ಹೋಗಿ, "ಅಜ್ಜಾ, ಹಗೇವಿಂದು ಇನ್ನೊಮ್ಮೆ ಹೇಳು" ಅಂದೆ. ಅಜ್ಜ ಹೇಳಿದ. ಆದರೆ ಮೊದಲ ಸಲ ಹೇಳುವಾಗ ಅಜ್ಜಿ ಪಕ್ಕದಲ್ಲಿ ಕೂತು, ಹಗೇವಿನ ಬಾಯಿ ತೆಗೆದ ಕೂಡಲೇ ಒಳಗೆ ಇಳೀಬಾರದು, ಒಳಗಿನ ಗಾಳಿ ಕೊಲ್ತದೆ ಅಂತ ನಡುವೆ ಬಾಯಿ ಹಾಕಿದ್ದಳು. ಎರಡನೇ ಸಲ ಅಜ್ಜಿ ಇರಲಿಲ್ಲ. ತೀರಿ ಹೋಗಿ ಆರು ತಿಂಗಳಾಗಿತ್ತು. ಅವಳ ದನಿ ಇದ್ದ ರೆಕಾರ್ಡಿಂಗ್ ಅದೊಂದೇ ಆಗಿತ್ತು.

ಈಗ ನನ್ನ ಹತ್ತಿರ 16 ಜಿಬಿ ರ‍್ಯಾಮ್ ಇರೋ ಯಂತ್ರ ಇದೆ. ಹೊರಗೆ ಲಿನಕ್ಸ್, ಒಳಗೆ ಟ್ಯಾಲಿಗೆ ಒಂದು ವಿಂಡೋಸ್. ಆ ವಿಂಡೋಸ್ ಇಡೀ ಒಂದೇ ಫೈಲ್‌ನಲ್ಲಿದೆ, ಪ್ರತಿ ಶನಿವಾರ ಹೊರಗಿನ ಡಿಸ್ಕ್‌ಗೆ ನಕಲು ಮಾಡ್ತೀನಿ. ಅಜ್ಜನ ರೆಕಾರ್ಡಿಂಗ್ ಮೂರು ಕಡೆ ಇವೆ. ಒಂದು ಡಿಸ್ಕ್ ಬಬಲೇಶ್ವರದ ಮನೆಯ ಟ್ರಂಕ್‌ನಲ್ಲೇ ಇದೆ. ಕಾಕಾ ಅವರ ಲೆಕ್ಕ ಈಗಲೂ ನಾನೇ ಬರೀತೀನಿ, ಅವರು ಈಗಲೂ ದಿನಾ ಸಂಜೆ ಕಿರ್ದಿ ಬರೀತಾರೆ.

ಇವತ್ತು ರಾತ್ರಿ ನೀವು ಪೆನ್‌ಡ್ರೈವ್ ಹಿಡಿದು ಕೂತಿದ್ದರೆ, ಡಿಸ್ಕ್‌ಗೆ ಕೈ ಹಾಕೋ ಮೊದಲು ಫೋನಿನಲ್ಲಿರೋ, ಲ್ಯಾಪ್‌ಟಾಪಿನಲ್ಲಿರೋ ಮನೆಯವರ ದನಿ, ಫೋಟೋ ಎಲ್ಲ ಬೇರೆ ಕಡೆ ಒಂದು ಸಲ ನಕಲು ಮಾಡ್ರಿ. ಆಮೇಲೆ ಡ್ಯುಯಲ್ ಬೂಟ್ ಮಾಡ್ರಿ, ವರ್ಚುವಲ್ ಮಷಿನ್ ಹಾಕ್ರಿ, ನಿಮ್ಮ ಇಷ್ಟ.

ಮುಂದಿನ ಕಂತಿನಲ್ಲಿ ಮತ್ತೆ ನಮ್ಮ ಊರಿನ ನೀರಿನ ಸುರಂಗಕ್ಕೆ ಇಳಿಯೋಣ. ಬರ್ತೀನ್ರಿ, ನಮಸ್ಕಾರ.